ಪಕ್ಕದ ರಿವೆಟ್ಟು

ಪ್ಲೇಟಿನ ದಪ್ಪ ಒಂಬತ್ತು ಮಿಲಿಮೀಟರ್.
ಒಂಬತ್ತರ ವರ್ಗಮೂಲ ಮೂರು, ಆರರಿಂದ ಗುಣಿಸಿ: ಹದಿನೆಂಟು.
ರಿವೆಟ್ಟಿನ ಮೈ ಅಷ್ಟಿರಲಿ, ತೂತು ಒಂದು ಕೂದಲು ಹೆಚ್ಚಿರಲಿ.
ಅಂಚಿನಿಂದ ಒಂದೂವರೆ ಪಟ್ಟು ಒಳಗೆ ಕೊರೆಯಿರಿ,
ಇಲ್ಲವಾದರೆ ಹಳೇ ಚೀಲದ ಕಿವಿಯ ಹಾಗೆ ಹರಿದೀತು.
ಇಪ್ಪತ್ತೆರಡು ವರ್ಷದಿಂದ
ಕೋಲಾರದ ಈ ಪಾಲಿಟೆಕ್ನಿಕ್ಕಿನ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ,
ರಾಗಿಹಿಟ್ಟಿನಲ್ಲೂ ಸೀಮೆಸುಣ್ಣ ಸಿಕ್ಕಿತು ಎನ್ನುತ್ತಾಳೆ ಮಗಳು.

ಸೋಲುವುದಕ್ಕೆ ನಾಲ್ಕು ದಾರಿ.
ಅಂಚು ಹರಿಯಬಹುದು.
ತೂತುಗಳ ಸಾಲಿನುದ್ದಕ್ಕೆ, ಅಂಚೆಚೀಟಿ ಬಿಡಿಸಿದಂತೆ, ಪ್ಲೇಟೇ ಬಿಡಬಹುದು.
ರಿವೆಟ್ಟು ತುಂಡಾಗಬಹುದು. ಅಥವಾ ಯಾರಿಗೂ ಕೇಳಿಸದೆ
ಜಜ್ಜಿ ಜಜ್ಜಿ, ದುಂಡಗಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಬಹುದು.
ನಾಲ್ಕರಲ್ಲಿ ಕಡಿಮೆ ಯಾವುದೋ ಅದೇ ಜೋಡಣೆಯ ಬಲ.
ತೂತಿಲ್ಲದ ಪ್ಲೇಟಿನ ಬಲದಿಂದ ಭಾಗಿಸಿ ನೋಡಿ,
ಉತ್ತರ ಎಂದೂ ಒಂದಾಗುವುದಿಲ್ಲ.
'ಯಾಕೆ ಮೇಡಂ?' ಅಂದ ಹಿಂದಿನ ಬೆಂಚಿನ ನಸೀರುಲ್ಲ.
'ಕೂಡಿಸೋಕೆ ಮೊದಲು ಕೊರೀಬೇಕಲ್ಲಪ್ಪ' ಅಂದೆ.
ಕಿಟಕಿಯಾಚೆ ಅಂತರಗಂಗೆಯ ಬಂಡೆಗಳು
ಯಾವ ಬೆಸುಗೆಯೂ ಇಲ್ಲದೆ ಒಂದರ ಮೇಲೊಂದು ಕೂತಿದ್ದವು.

ಆ ಶುಕ್ರವಾರ ಆರೋಗ್ಯಸ್ವಾಮಿ ಬಂದರು.
ಆಂಡರ್ಸನ್‌ಪೇಟೆಯಿಂದ ಬಂಗಾರಪೇಟೆ ಮೇಲೆ ಎರಡು ಬಸ್ಸು,
ಎಪ್ಪತ್ತಾರು ವರ್ಷ, ಎಡಗಿವಿ ಪೂರ್ತಿ ಕಲ್ಲು.
ಗಣಿಯ ಬಾವಿಗಳ ಮೇಲೆ ಕಬ್ಬಿಣದ ಗೋಪುರ ಕಟ್ಟಿದ ಕೈ.
ಹುಡುಗರಿಗೆ ತೋರಿಸಲೆಂದು ಕುಲುಮೆ ಹೊತ್ತಿಸಿ
ಎರಡು ಪ್ಲೇಟುಗಳಿಗೆ ಎರಡು ರಿವೆಟ್ಟು ಬಡಿದರು.
'ಕೆಂಪಗಿದ್ದಾಗ ಹೊಡೀಬೇಕಮ್ಮ,
ಆರ್ತಾ ಆರ್ತಾ ಅದೇ ಎರಡನ್ನೂ ಎಳಕೊಂಡು ಹಿಡೀತದೆ.
ಆರಿದ್ದನ್ನ ಹೊಡುದ್ರೆ ತಲೆ ಬತ್ತದೆ, ಹಿಡಿತ ಬರಲ್ಲ.'
ಎರಡನೆಯದರ ಹೊತ್ತಿಗೆ ತಿದಿ ಒತ್ತುವ ಹುಡುಗ ಫೋನು ನೋಡುತ್ತಿದ್ದ.

ಆಮೇಲೆ ಈ ಬದಿ ಚಿಕ್ಕ ಸುತ್ತಿಗೆಯಿಂದ ಟಕ್ ಎನಿಸಿ
ಆ ಬದಿಯ ತಲೆಯ ಮೇಲೆ ಬೆರಳಿಟ್ಟು ನಿಂತರು,
ನಾಡಿ ಹಿಡಿದವರ ಹಾಗೆ.
ಮೊದಲನೆಯದು ಸರಿ. ಎರಡನೆಯದಕ್ಕೆ
ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಒಂದು ಗೀಟೆಳೆದರು.

ಯಂತ್ರದ ದವಡೆಗೆ ಕಚ್ಚಿಸಿದೆವು.
ನನ್ನ ಲೆಕ್ಕ ನೂರ ಎಪ್ಪತ್ತು ಕಿಲೋನ್ಯೂಟನ್,
ತೋಳಿನ ಮೇಲೂ ಬರೆದುಕೊಂಡಿದ್ದರು ಹುಡುಗರು.
ಎಂಬತ್ತು. ನೂರು. ನೂರ ಇಪ್ಪತ್ತು.
ನೂರ ಮೂವತ್ತೆಂಟಕ್ಕೆ ಢಣ್ ಎಂದಿತು,
ಮುಳ್ಳು ಕುಸಿಯಿತು, ನಾನು ಕವಾಟ ಮುಚ್ಚಿದೆ.
ಗೀಟೆಳೆದ ರಿವೆಟ್ಟು ಕೊಂಚ ವಾಲಿಕೊಂಡು ಹಾಗೇ ಇತ್ತು.
ತುಂಡಾದದ್ದು ಮೊದಲನೆಯದು.

'ತಾತನ ಗುರುತು ತಪ್ಪಿತು!' ಹುಡುಗರು ನಕ್ಕರು.
ಅವರಿಗೆ ಕೇಳಿಸಲಿಲ್ಲ, ಅಥವಾ ಬಲಗಿವಿಗೆ ಕೇಳಿಸಿತೋ.
ಬಿದ್ದ ತುಂಡನ್ನು ಅಂಗೈಯಲ್ಲಿ ಹೊರಳಿಸಿದರು, ಇನ್ನೂ ಬೆಚ್ಚಗಿತ್ತು,
ಕೊಯ್ದ ಮುಖ ಆಗ ತಾನೇ ಹೆಚ್ಚಿದ ಗೆಣಸಿನ ಹಾಗೆ.
'ಸಡಿಲ ಆಗಿದ್ದು ಎಲ್ಲಿ ಮುರೀತದಮ್ಮ.
ಅದರ ಪಾಲಿಂದೂ ಹೊತ್ಕಂಡು ಪಕ್ಕದ್ದು ಹೋಯ್ತದೆ.'
ಸ್ವಲ್ಪ ಹೊತ್ತು ಬಿಟ್ಟು, ನನಗಲ್ಲ, ತುಂಡಿಗೆ ಹೇಳುವಂತೆ:
'ಕಿವಿ ಹೋದ ಮೇಲೆ ಮೂರು ವರ್ಷ
ಮೇಸ್ತ್ರಿಗೆ ಗೊತ್ತಾಗದಂಗೆ ನನ್ನ ಕೆಲಸಾನೂ ಮಾಣಿಕ್ಕಂ ಮಾಡ್ದ.
ಐವತ್ತು ತುಂಬಿರಲಿಲ್ಲ ಅವನಿಗೆ.'

ಯಾರೂ ನಗಲಿಲ್ಲ. ಯಾರೋ ಫ್ಯಾನು ಆರಿಸಿದರು, ಯಾಕೆಂದು ಗೊತ್ತಿಲ್ಲ.

ದಾಖಲೆ ಪುಸ್ತಕದಲ್ಲಿ ಬರೆದೆ:
ವಿಫಲವಾದ ಬಗೆ, ಒಂದನೆಯ ರಿವೆಟ್ಟಿನ ಕತ್ತರಿಕೆ. ಕಾರಣ,
ಅಲ್ಲಿ ಪೆನ್ನು ನಿಂತಿತು.
ಪಾಠದ ಮೊದಲ ಸಾಲೇ ಹಾಗಿದೆಯಲ್ಲ, ಬಾಯಿಪಾಠ ನನಗೆ:
'ಎಲ್ಲ ರಿವೆಟ್ಟುಗಳೂ ಭಾರವನ್ನು ಸಮನಾಗಿ ಹಂಚಿಕೊಳ್ಳುತ್ತವೆ
ಎಂದು ಭಾವಿಸೋಣ.'

ನಾಲ್ಕು ಗಂಟೆಯ ಬಸ್ಸಿಗೆ ಹೊರಟವರು
'ಇದನ್ನ ತಗೊಂಡು ಹೋಗ್ಲಾ?' ಅಂದರು.
ಸರ್ಕಾರದ ಸಾಮಾನು, ಲೆಕ್ಕಕ್ಕೆ ಬೇಕು.
ಹೂಂ ಅಂದೆ.
ಗೇಟಿನವರೆಗೂ ನೋಡುತ್ತಿದ್ದೆ,
ಅಂಗಿಯ ಜೇಬು ಎಡಕ್ಕೆ ಜಗ್ಗಿತ್ತು.