ಇಲ್ಲ ಅನ್ನದ ಅಂಗಡಿ

ನಾನು ಕೇಳಿದ್ದು ಒಂದು ಬಿರಡೆ.
ಹಳೇ ಥರ್ಮಾಸಿನ ಬಾಯಿಗೆ ಕೂರುವ ಕಾರ್ಕಿನ ಬಿರಡೆ,
ಅಡ್ಡಳತೆ ಮೂವತ್ತೆಂಟು ಮಿಲಿಮೀಟರು,
ಬುಡದತ್ತ ಕೊಂಚ ಸಣ್ಣ. ಅಷ್ಟೇ.
ಕನ್ನಡಕ ಹಾಕಿಕೊಂಡೇ ಬರೆದೆ, ಒಂದಕ್ಷರ ತಪ್ಪಿಲ್ಲ.

ನಲವತ್ತೆರಡು ಸಾವಿರ ಉತ್ತರ!

ಮುಂದೆ ಹೊಸ ಥರ್ಮಾಸುಗಳ ದಿಬ್ಬಣ,
ಗುಲಾಬಿ, ನೇರಳೆ, ಚಿರತೆಚುಕ್ಕೆ,
ಮೂಲೆಯಲ್ಲಿ ಇರುವೆಗಾತ್ರದ ಬೂದಿ ಅಕ್ಷರ: ಪ್ರಾಯೋಜಿತ.
ಅದರ ಹಿಂದೆ ಬಾಟಲಿ ತೆರೆಯುವ ತಿರುಪು,
ಮುಚ್ಚಬೇಕು ಅಂದವಳಿಗೆ ತೆರೆಯುವ ಸಲಕರಣೆ.
ಮೂವತ್ತೆಂಟು ಇಂಚಿನ ಗಂಡಸರ ಬೆಲ್ಟು.
ಕಾರ್ಕಿನ ಅಟ್ಟೆಯ ಚಪ್ಪಲಿ, ಸೈಜು ಮೂವತ್ತೆಂಟು.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವನೂ
ಕೊಟ್ಟಿಗೆ ಬಿಟ್ಟು ಆಚೆ ಹೋಗಿರಲಿಲ್ಲ.
ಬಿರಡೆ ಕೇಳಿದರೆ ಇದು ಬುರುಡೆ ಬಿಡುತ್ತದೆ.

ಮಹಡಿ ಮನೆಯ ಹುಡುಗ ನಹುವೆಲ್ ಅಂದ:
"ಪದ ಕಡಿಮೆ ಮಾಡಿ, ನೆಲಿದಾ."
ಮಾಡಿದೆ. ಆರು ಲಕ್ಷ.
"ಹಾಗಾದರೆ ಜಾಸ್ತಿ ಮಾಡಿ."
ಮಾಡಿದೆ. ಅದೇ ಬೆಲ್ಟು.
"ಅಗ್ಗದ್ದು ಮೊದಲು ಅಂತ ಒತ್ತಿ."
ಬಿರಡೆಯ ಚಿತ್ರವಿರುವ ಸ್ಟಿಕ್ಕರು ಬಂತು.
"ಹತ್ತಿರದ್ದು ಮಾತ್ರ ಅಂತ ಒತ್ತಿ."
ಹತ್ತಿರದ್ದು, ಹಡಗಿನಲ್ಲಿ ಐವತ್ತು ದಿನ ದೂರವಿತ್ತು.
ಹುಡುಗ ಫೋನನ್ನು ನನ್ನ ಕೈಗಿಟ್ಟು ಚೆಂಡಾಡಲು ಹೋದ.

ಮೂವತ್ತೊಂದು ವರ್ಷ ನಾನು
ಪೈಸಾಂದೂ ಬಂದರಿನ ರಸ್ತೆಯಲ್ಲಿ
ದೋನ್ ಓಲೆಗಾರಿಯೋನ ಕಬ್ಬಿಣದಂಗಡಿಯ
ಕೌಂಟರಿನ ಹಿಂದೆ ನಿಂತವಳು.
ನಾನೂರು ಡ್ರಾಯರು,
ಒಂದೊಂದರ ಮೂತಿಗೂ ಒಳಗಿನದೇ ಒಂದು ಸಾಮಾನು ಕಟ್ಟಿತ್ತು.
ಹೆಸರು ಗೊತ್ತಿದ್ದು ಬಂದವರು ಎಷ್ಟು ಮಂದಿ?
"ಅದೇ, ಅದರೊಳಗೆ ಹೋಗುತ್ತಲ್ಲ, ಅದು" ಎಂದು
ಎರಡು ಬೆರಳ ನಡುವೆ ಗಾಳಿ ಹಿಡಿದು ತೋರಿಸುವರು.
ಆ ಗಾಳಿಯ ಅಳತೆ ನನಗೆ ತಿಳಿಯುತ್ತಿತ್ತು.

ಅದಕ್ಕಿಂತ ಹೆಚ್ಚಾಗಿ, ನನಗೆ ಇಲ್ಲ ಅನ್ನಲು ಬರುತ್ತಿತ್ತು.
"ಇಲ್ಲ. ಎದುರಿನ ಎಚೆವೆರ್ರಿ ಹತ್ತಿರ ಕೇಳಿ."
ಅರ್ಧ ನಿಮಿಷದ ಮಾತು. ಜನ ಟೋಪಿ ಮುಟ್ಟಿ ಹೋಗುವರು,
ಮರುದಿನ ಮೊಳೆಗೆ ನನ್ನಲ್ಲಿಗೇ ಬರುವರು.
ಒಮ್ಮೆ ಮಾತ್ರ ಅನ್ನಲಿಲ್ಲ. ತಿಂಗಳ ಕೊನೆ, ವ್ಯಾಪಾರ ಮಂದ,
ಇದೇ ಆಗುತ್ತೆ ಅಂತ ಬೇರೆ ಅಳತೆಯ ವಾಷರು ಕಟ್ಟಿಕೊಟ್ಟೆ.
ಬೆಳಿಗ್ಗೆ ಆ ಮನುಷ್ಯ ಬಂದ. ಬೈಯಲಿಲ್ಲ.
ವಾಷರನ್ನು ನನ್ನ ಮುಂದಿಟ್ಟ, ಹೋದ.
ಅವನ ಬೂಟು ನಡೆದಲ್ಲೆಲ್ಲ ನೆಲ ಒದ್ದೆ.

ಈ ಅಂಗಡಿಗೆ ಒದ್ದೆ ಬೂಟು ಕಾಣುವುದಿಲ್ಲ.
ಇದರ ನಾಲಿಗೆಯ ಮೇಲೆ ಇಲ್ಲ ಎಂಬುದೇ ಇಲ್ಲ.
ಬರಿಗೈ ತೋರಿಸಲು ನಾಚಿ
ಊರ ಕಸವನ್ನೆಲ್ಲ ತಂದು ಮಡಿಲಿಗೆ ಸುರಿಯುತ್ತದೆ.

ಹನ್ನೊಂದು ದಿನ ಆ ಚಪ್ಪಲಿ ನನ್ನ ಬೆನ್ನು ಹತ್ತಿತು.
ನಾಳೆ ಮೋಡವೋ ಬಿಸಿಲೋ ನೋಡಹೋದರೆ ಚಪ್ಪಲಿ,
ಊರಿನ ಸಾವಿನ ಸುದ್ದಿ ಓದುವಾಗ ಪಕ್ಕದಲ್ಲಿ ಚಪ್ಪಲಿ.
ಹನ್ನೆರಡನೆಯ ದಿನ ಕೊಂಡೆ.

ಹಿಮ್ಮಡಿ ದಪ್ಪಗಿತ್ತು. ಗಟ್ಟಿ ಕಾರ್ಕು.
ಬ್ರೆಡ್ಡಿನ ಚಾಕುವಿನಲ್ಲಿ ದುಂಡಗೆ ಕೊಯ್ದು,
ಮರಳುಕಾಗದದಲ್ಲಿ ಉಜ್ಜಿ,
ಬುಡದತ್ತ ಕೊಂಚ ಸಣ್ಣ ಮಾಡಿ,
ಥರ್ಮಾಸಿನ ಬಾಯಿಗೆ ಒತ್ತಿದೆ. ಕೀಚ್ ಅಂತ ಕೂತಿತು.
ಕಂಕುಳಲ್ಲಿ ಥರ್ಮಾಸು, ಕೈಯಲ್ಲಿ ಮಾಟೆ ಸೊಪ್ಪಿನ ಸೋರೆಬುರುಡೆ,
ನದಿದಂಡೆಯಲ್ಲಿ ಕತ್ತಲಾಗುವವರೆಗೂ ಕೂತೆ.
ಕೊನೆಯ ಗುಟುಕೂ ನಾಲಿಗೆ ಸುಟ್ಟಿತು.

ರಾತ್ರಿ ಫೋನು ಕೇಳಿತು: ಚಪ್ಪಲಿ ಹೇಗಿದೆ?
ಐದು ನಕ್ಷತ್ರ ಕೊಟ್ಟು ಬರೆದೆ:
"ಸರಿಯಾಗಿ ಕೂತಿದೆ. ಸೋರುವುದಿಲ್ಲ."
ಇನ್ನು ಬಿರಡೆ ಕೇಳಿದವರಿಗೆಲ್ಲ
ಅದು ಚಪ್ಪಲಿಯನ್ನೇ ಮುಂದೆ ಹಿಡಿದೀತು. ತಪ್ಪು ನನ್ನದೂ ಇದೆ.

ಎಡಗಾಲಿನದು ಹಾಗೇ ಉಳಿದಿದೆ.
ಯಾರಾದರೂ ಬಾಗಿಲಿಗೆ ಬಂದು
ಬೆರಳ ನಡುವೆ ಗಾಳಿ ಹಿಡಿದು ತೋರಿಸಿದರೆ
ಹೇಳುತ್ತೇನೆ:
ಇದೆ. ಒಂದೇ ಇದೆ.