ಹನಿ ಬಿದ್ದರ ಬೀಳಲಿ

ವಡಗಾಂವಿಯ ಆ ಮನಿ ಅಟ್ಟದ ಮ್ಯಾಲೆ
ಮೊದಲ ಕೂತಿದ್ದು ಜಕಾರ್ಡಿನ ಪೆಟಗಿ.
ತೂತಿನ ರಟ್ಟು ಇನ್ನೂ ಅಲ್ಲೇ ಇದ್ದುವು,
ದಾರದಾಗ ಸಾಲಾಗಿ, ಇಲಿ ತಿಂದು ಬಿಟ್ಟಷ್ಟು.
ತೊಲಿಗೆ ಸುತ್ತಿಗಿ ಬಡದೆ. ಠಣ್ ಅಂತು. ಸಾಗವಾನಿ.
ಮೂವತ್ತು ವರ್ಷ ಮಗ್ಗದ ಕುಣಿತ ಹೊತ್ತದ್ದು
ಕೂತ ನೀರು ಹೊರಲಾರದೇನು?

ಆದರೂ ನಿಚ್ಚಣಿಕಿ ಪಕ್ಕದ ಗ್ವಾಡಿಗೆ
ಪೆನ್ಸಿಲ್ಲಿಲೆ ಲೆಕ್ಕ ಬರದೆ:
ನೀರು ನೂರೈವತ್ತು ಕಿಲೊ,
ಸಿಲಿಂಡರು ನಲವತ್ತು,
ನಾನು ಎಪ್ಪತ್ತೆರಡು, ದಾವಲ ಐವತ್ತು
(ಊಟಾ ಮಾಡಿದ ಮ್ಯಾಲೆ ಐವತ್ತೊಂದು ಅಂದ ಅಂವ).
ತೊಲಿಯಿಂದ ತೊಲಿಗೆ ಕಬ್ಬಿಣದ ಚಾನೆಲ್ ಹಾಕಿ
ಎರಡೂ ಗ್ವಾಡಿ ತಲಿಗೆ ಹೊರಿಸಿದೆ ಆ ಭಾರ.

ಅಟ್ಟದ ಬಾಯಿ ಎರಡು ಬೆರಳು ಸಣ್ಣದಾತು.
ಹಂಚು ತಗದು ಮ್ಯಾಲಿಂದ ಇಳಿಸಬೇಕಾತು,
ಹಗ್ಗದ ಈ ತುದಿಗೆ ನಾ, ಆ ತುದಿಗೆ ದಾವಲ,
ನಡುವ ನಮ್ಮಿಬ್ಬರ ಬೈಗಳ.
ಎದುರಿನ ಮಾಡಿ ಮ್ಯಾಲೆ ಸಂಡಿಗಿ ಹಾಕೂ ಮುದುಕಿ ಕೇಳಿದಳು:
"ಹಂಚು ತಗದು ಇಳಿಸೂದು ಎಂಥಾ ತೊಟ್ಟಲಾರೀ ಅದು?"

ಹಳೇ ಹಂಡೆ ಸರಳ ಜೀವ.
ಕಾಯ್ದರ ಬಾಯಿ ತಗದು ಹಬಿ ಬಿಡತಿತ್ತು,
ಉಕ್ಕಿದರ ಒಲಿಗೆ ಉಗಳಿ ಸುಮ್ಮನಾಗತಿತ್ತು.
ಇದಕ್ಕ ಬಾಯಿಲ್ಲ.
ನಳದ ಜೋರು ಹೊಟ್ಟ್ಯಾಗ ಹಿಡಕೊಂಡು ಕೂಡತೈತಿ.
ಅದಕ್ಕ ಬಗಲಾಗ ಒಂದು ಕೆಂಪು ಗುಂಡು,
ಒಳಗ ರಬ್ಬರು, ಗಾಳಿ,
ಉಬ್ಬಿದ ನೀರಿಗೆ ಒರಗಾಕ ಒಂದು ದಿಂಬು.
ಅದೂ ಸೋತರ ವಾಲ್ವು. ವಾಲ್ವಿನಿಂದ ತಾಂಬ್ರದ ಕೊಳವಿ
ಇಳಿದು, ತಿರುಗಿ, ಮತ್ತ ಇಳಿದು
ಗಜಾನನನ ಖೋಲಿ ಕಿಡಕಿ ಕೆಳಗ ಹೊರಗ.

ಹದಿನೈದನೇ ದಿನಕ್ಕ ಗಜಾನನನ ಫೋನು:
"ನಿಮ್ಮ ಪೈಪು ಅಳಾಕತ್ತೈತಿ. ಹೊಸಾ ಬಣ್ಣ ಹಾಳಾತು.
ಒಂದು ಬೂಚ ಬಡದು ಹೋಗ್ರಿ, ಐವತ್ತು ರೂಪಾಯಿ ಕೆಲಸ."
ಮೂರು ಮಂದಿ ಅಣ್ಣತಮ್ಮರು, ಮೂರು ಒಲಿ, ಒಂದ ಬಚ್ಚಲ.
ಹನಿ ಬೀಳೂದು ನಡುವಿನವನ ಗ್ವಾಡಿಗಷ್ಟ.
ಕೊಳವಿ ಬಾಯಿಗೆ ಹೆಬ್ಬಟ್ಟು ಒತ್ತಿ ತೋರಿಸಿದ: "ಇಷ್ಟ ಸಾಕು."
ಅವನ ಕೈ ಹಿಡದು ತಗದೆ.
"ಹನಿ ಬಿದ್ದರ ಬೀಳಲಿ ಬಿಡ್ರಿ. ಇದನ್ನ ಮುಚ್ಚಿದರ
ಮ್ಯಾಲಿನ ಹಂಚು ನಾವು ತಗಿಯೂದು ಬ್ಯಾಡ, ತಾವ ಹೋಗತಾವು."
ಒಳಗ ದೊಡ್ಡವನ ಹೆಂಡತಿ ಸೇವಂತಕ್ಕ ಕಿಸಕ್ಕನ ನಕ್ಕಳು.

ನೋಡಿದರ, ಕೆಂಪು ಗುಂಡಿನ ಗಾಳಿ ಇಳಿದಿತ್ತು.
ನಳ ಬಂದ್ ಮಾಡಿ, ಒಳಗಿನ ಜೋರು ಬಿಟ್ಟು,
ಅವನ ಮಗನ ಸೈಕಲ್ ಪಂಪು ಇಸಗೊಂಡು ಹೊಡದೆ.
ಶ್ರೇಯಸ್ ಎಣಿಸಿದ.
ನಲವತ್ತರ ಹತ್ತರ ತಪ್ಪಿ ಮತ್ತ ಒಂದರಿಂದ ಸುರು ಮಾಡಿದ.
ಹನಿ ನಿಂತಿತು.
ಕೊಳವಿ ಬಾಯಿ ಮಾತ್ರ ತಗದ ಇತ್ತು, ಒಣಗಿಕೊಂತ.

ಮೊನ್ನೆ ಹೋದಾಗ ಒಳಗೂ ಬಣ್ಣ ಬಳದಿದ್ದರು,
ಲೆಕ್ಕ ಬರದ ಜಾಗಾ ಒಂದು ಬಿಟ್ಟು.
ಅದರ ಕೆಳಗ ಸೊಟ್ಟ ಅಕ್ಷರದಾಗ:
ಶ್ರೇಯಸ್, ಇಪ್ಪತ್ಮೂರು.
"ಯಾವಾಗ ಹತ್ತಿದ್ದೀಲೇ ಮ್ಯಾಲೆ?" ಅಂದೆ.
ಪಂಪು ಹಿಡಕೊಂಡು ಓಡಿದ.
ಕಿವಿ ಸಂದಿನ ಪೆನ್ಸಿಲ್ ತಗದು
ಮತ್ತ ಮೊದಲಿಂದ ಕೂಡಿಸಾಕ ನಿಂತೆ.