ಮೊದಲ ಎಳೆತ

ಆಂಟ್ಸಿರಾಬೆಯಲ್ಲಿ ಜುಲೈ ಎಂದರೆ ಚಳಿ.
ಲ್ಯಾಬಿನ ಬೀಗ ಕೂಡ ಬೆರಳು ಕಚ್ಚುತ್ತದೆ.
ತೆಗೆಯುವವನು ನಾನು, ಹಾಕುವವನೂ ನಾನೇ,
ನಡುವಿನ ಪಾಠ ನನ್ನದಲ್ಲ.

ಆರು ಸ್ಪ್ರಿಂಗ್ ತಕ್ಕಡಿ. ಅದರಲ್ಲಿ ಒಂದು
ಸೊನ್ನೆಗೆ ಮರಳಲು ಒಲ್ಲದು,
ಏನೂ ತೂಗದೆಯೂ ಕಾಲು ನ್ಯೂಟನ್ ತೋರಿಸುತ್ತದೆ.
ಅದನ್ನು ಹೈಂಗುವಿನ ಮೇಜಿಗೆ ಇಟ್ಟೆ,
ಕಳೆದು ಬರೆಯುವ ತಾಳ್ಮೆ ಅವಳಿಗುಂಟು.

ಮರದ ತುಂಡು, ತಲೆಯ ಮೇಲೊಂದು ಇಟ್ಟಿಗೆ.
ಕೊಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆಯಿರಿ, ಎಂದರು ವಾಹಂಗಿ ಮೇಡಂ.
ಮುಳ್ಳು ಏರಿತು. ಐದು. ಆರು. ಏಳು.
ತುಂಡು ಮಿಸುಕಲಿಲ್ಲ.
ಎಂಟೂಕಾಲಕ್ಕೆ ಗಕ್ಕನೆ ಜಾರಿತು,
ಜಾರಿದ್ದೇ ತಡ ಮುಳ್ಳು ಆರಕ್ಕೆ ಕುಸಿದು
ಅಲ್ಲೇ ಅದುರುತ್ತ ನಿಂತಿತು.

ತಪ್ಪಾಯಿತು, ಎಂದ ತ್ಸಿಯೂರಿ, ರಬ್ಬರಿಗೆ ಕೈ ಹಾಕಿದ.
ಅಳಿಸಬೇಡ. ಇನ್ನೊಮ್ಮೆ ಎಳೆ.
ಎಂಟು, ಆರು.
ಮತ್ತೆ. ಎಂಟೂವರೆ, ಆರು.
ಇಟ್ಟಿಗೆ ಇಳಿಸಿದರು, ಕೆಳಗೆ ಗಾಜು ಹಾಸಿದರು.
ಅಂಕಿಗಳು ಬದಲಾದವು,
ಆ ಕುಸಿತ ಹೋಗಲಿಲ್ಲ.

ಯಾಕೆ? ಕೇಳಿದರು ಮೇಡಂ.
ಇಡೀ ತರಗತಿ ತನ್ನ ಚಪ್ಪಲಿ ನೋಡಿಕೊಂಡಿತು.

ಕಿಟಕಿ ಒರೆಸುತ್ತಿದ್ದವನು ಬಾಯಿ ಬಿಟ್ಟೆ.
ಹನ್ನೊಂದು ವರ್ಷ ಪುಸ್‌ಪುಸ್ ಎಳೆದಿದ್ದೇನಮ್ಮ,
ಜನ ಕೂರುವ ಕೈಗಾಡಿ,
ರೈಲು ನಿಲ್ದಾಣದಿಂದ ಬಿಸಿನೀರಿನ ಸ್ನಾನಘಟ್ಟದವರೆಗೆ.
ಎರಡು ಮೂಟೆ ಅಕ್ಕಿ, ಅದರ ಮೇಲೆ ಅಕ್ಕಿಯ ಒಡತಿ.
ನಿಂತದ್ದನ್ನು ಕದಲಿಸುವ ಒಂದೇ ಒಂದು ಹೆಜ್ಜೆ
ಬೆಳಗಿನ ಗಂಜಿಯನ್ನೆಲ್ಲ ತಿಂದುಬಿಡುತ್ತಿತ್ತು.
ಹೊರಟ ಮೇಲೆ ಸಿಳ್ಳೆಯೂ ಬರುತ್ತಿತ್ತು.
ಅದಕ್ಕೇ ಪೊಲೀಸಿನವನು ಚೌಕದಲ್ಲಿ ಕೈ ಎತ್ತಿದರೆ
ನಾವು ನಿಲ್ಲುತ್ತಿರಲಿಲ್ಲ,
ನಿಂತ ಹಾಗೆ ಮಾಡಿ
ಅಂಗುಲ ಅಂಗುಲ ಉರುಳುತ್ತಿದ್ದೆವು.

ಹುಡುಗರು ನಕ್ಕರು. ಮೇಡಂ ನಗಲಿಲ್ಲ.
ಚಕ್ರದ ಲೆಕ್ಕ ಬೇರೆ, ಅದು ಮುಂದಿನ ತಿಂಗಳು, ಎಂದರು,
ಆದರೆ ಆ ಉರುಳುವುದನ್ನು ಇನ್ನೊಮ್ಮೆ ಹೇಳಿ.
ಹೇಳಿದೆ. ಒದ್ದೆ ಬಟ್ಟೆ ಕೈಯಲ್ಲೇ ಇತ್ತು,
ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.
ಹೈಂಗು ಏನೋ ಬರೆದುಕೊಂಡಳು, ನನಗೆ ತೋರಿಸಲಿಲ್ಲ.

ಐದಕ್ಕೆ ತಕ್ಕಡಿಗಳನ್ನು ಎಣಿಸಿ ಒಳಗಿಟ್ಟೆ.
ಐದು ಸೊನ್ನೆ,
ಒಂದು ಅದರ ಹಟ.

ಮನೆಯ ದಾರಿ ಇಳಿಜಾರು. ಎರಡೂ ಕೈ ಖಾಲಿ.
ಗಾಡಿ ಮಾರಿ ಒಂಬತ್ತು ವರ್ಷವಾಯಿತು,
ಆದರೂ ಎಡ ಹೆಗಲು ಮುಂದಕ್ಕೆ ಬಾಗಿಯೇ ಇದೆ,
ಹೆಂಡತಿ ದೂರದಿಂದ ಅದರಲ್ಲೇ ಗುರುತು ಹಿಡಿಯುತ್ತಾಳೆ.
ಎಷ್ಟಿರಬಹುದು ಇದು?
ಕಾಲು ನ್ಯೂಟನ್?
ಕಳೆದು ಬರೆದುಕೊಳ್ಳಬೇಕು.